ಉಡಿ ತುಂಬದೆ ಹೋದ ಕೂರಿಗೆ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಾಲತವಾಡದ ತಂಗಿಯ ಮನೆಗೆ ಹೋಗಿದ್ದ ಹೊತ್ತು ನೋಡಿ ಅಪ್ಪ ಬಿತ್ತನೆಯ ನಮ್ಮ ಹಳೆಯ ಕೂರಿಗೆಯನ್ನು ವಸ್ತುಸಂಗ್ರಹಾಲಯದವರಿಗೆ ಕೊಟ್ಟುಬಿಟ್ಟಿದ್ದ. ಇದು ಎಪ್ಪತ್ತರ ದಶಕದ ನಡುವಿನ ಮಾತು. ಜಿಲ್ಲಾ ಕೇಂದ್ರದ ಆ ಸಂಗ್ರಹಾಲಯದವರು ಇಂಡಿ, ಸಿಂದಗಿ, ಮುದ್ದೇಬಿಹಾಳ ಎನ್ನದೆ ತಿರುಗಿ ಒಡೆದ ವೀರಗಲ್ಲುಗಳ ಜೊತೆಗೆ ಹಳ್ಳಿಯ ಮನೆಗಳ ಹಳೆಯ ಸಾಮಾನನ್ನೂ ಕೂಡಿಸುತ್ತಿದ್ದರು. ಹೂವಿನ ಹಿಪ್ಪರಗಿ ಹತ್ತಿರದ ನಮ್ಮೂರಿಗೂ ಅವರ ಜೀಪು ಬಂತು. ಜೀಪಿನಲ್ಲಿ ಬಂದವರ ಮೇಲೆ ಅಪ್ಪನಿಗೆ ಮೊದಲಿನಿಂದಲೂ ಭಾರಿ ಭಕ್ತಿ. ಅವರು ಕೇಳಿದ್ದೇ ತಡ, ದನದ ಕೊಟ್ಟಿಗೆಯ ಮೂಲೆಯಲ್ಲಿದ್ದ ಕೂರಿಗೆಯನ್ನು ತಾನೇ ಹೊತ್ತು ತಂದು ಏರಿಸಿದ. ಹೇಗೂ ಬಡಿಗ ಹೊಸದೊಂದನ್ನು ಮಾಡಿಕೊಟ್ಟಿದ್ದ.

ಆಯಿ ಊರಿಂದ ಬಂದವಳು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಖಾಲಿ ಮೂಲೆ ನೋಡಿದಳು. ವಿಷಯ ತಿಳಿದ ಮೇಲೆ ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಉಡಿ ತುಂಬಿ ಕಳಿಸಿದ್ಯೇನೋ?"

"ಮುರಕ ಕೂರಿಗಿಗಿ ಉಡಿ ಯಾಕ ಬೇಕಬೇ?" ಎಂದ ಅಪ್ಪ.

ಅಲ್ಲಿಗೆ ಕೆಟ್ಟಿತು. ನಮ್ಮ ಕಡೆ ಬಿತ್ತನೆಗೆ ಮೊದಲು ಕೂರಿಗೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹಸಿರು ಸೀರೆ ಉಡಿಸಿ, ಬಳೆ ಕಟ್ಟಿ, ಮಗಳಿಗೆ ಮಾಡುವ ಹಾಗೆ ಕಾಳು ಕೊಬ್ಬರಿಯಿಂದ ಉಡಿ ತುಂಬುತ್ತಾರೆ. ಎತ್ತು ಹೊಡೆಯುವುದು ಗಂಡಸು. ಕೂರಿಗೆಯ ಹಿಂದೆ ನಡೆಯುತ್ತ ಮೇಲಿನ ಮರದ ಬಟ್ಟಲಿಗೆ ಕಾಳು ಬಿಡುವುದು ಹೆಂಗಸು. ಬಟ್ಟಲಿನಿಂದ ಮೂರು ಬಿದಿರ ಕೊಳವೆಗಳಲ್ಲಿ ಇಳಿದು ಕಾಳು ಮಣ್ಣು ಸೇರುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಮೊಣಕಾಲು ಸೋಲುವ ತನಕ ಆ ಬಟ್ಟಲಿಗೆ ಕಾಳು ಬಿಟ್ಟವಳು ಆಯಿ. ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಹೊಸ್ತಿಲು ದಾಟಿಸುವ ಪದ್ಧತಿ ನಮ್ಮ ಮನೆತನದಲ್ಲಿ ಇರಲಿಲ್ಲ. ಕೂರಿಗೆಯನ್ನು ಕೊಟ್ಟಿದ್ದಕ್ಕಲ್ಲ, ಹಾಗೆ ಕಳಿಸಿದ್ದಕ್ಕೆ ಅವಳ ಜೀವ ಸುಟ್ಟಿತ್ತು.

ಅಷ್ಟರಲ್ಲಿ ಉತ್ತರೆ ಮಳೆ ಬಂತು. ಎರೆಭೂಮಿ ಹದಕ್ಕೆ ಬಂತು. ಹಿಂಗಾರಿ ಜೋಳ ಬಿತ್ತಬೇಕು, ಅಕ್ಕಪಕ್ಕದ ಹೊಲಗಳಲ್ಲಿ ಆಗಲೇ ಎತ್ತು ಹೂಡಿದ್ದರು. ಅಪ್ಪ ಹೊಸ ಕೂರಿಗೆಯನ್ನು ಹೊರಗೆ ತಂದರೆ ಆಯಿ ಬಂದು ಅದರ ಮುಂದೆ ಕಾಲು ಚಾಚಿ ಕೂತುಬಿಟ್ಟಳು.

"ಹಿರೇ ಮಗಳ ಉಡಿ ಬರಿದ ಐತಿ, ಸಣ್ಣಾಕಿಗಿ ಮೆರವಣಿಗಿ ಮಾಡ್ತಿ? ಆಕಿಗಿ ಉಡಿ ತುಂಬೂ ತನಕ ಇದು ಹೊಲಾ ಕಾಣೂದಿಲ್ಲ."

"ಹದ ಆರಾಕತ್ತೈತಿ ಯವ್ವಾ! ಜ್ವಾಳ ಬ್ಯಾಡೇನ ನಿನಗ?"

"ಬೇಕು. ಅದಕ್ಕ ಹೇಳಾಕತ್ತೇನಿ, ಲಗೂನ ಕರಕೊಂಡ ಹೋಗು."

ಅಪ್ಪ ಸಂಜೆಯವರೆಗೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ. ಆಯಿ ಮೇಲೇಳಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡಳು. ಆಗಷ್ಟೇ ಕನ್ನಡ ಸಾಲೆಗೆ ಶಿಕ್ಷಕಿಯಾಗಿ ಸೇರಿದ್ದ ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಎರಡು ದಿನ ಹೀಗೇ ಕೂತರೆ ನೆಲ ಬಿರಿಯುತ್ತದೆ, ವರ್ಷದ ಜೋಳ ಕೈಬಿಡುತ್ತದೆ.

"ನಸುಕಿನ ಬಸ್ಸಿಗಿ ನಾ ಕರಕೊಂಡ ಹೋಗ್ತೇನಿ" ಎಂದೆ.

"ಕಟಗಿಗಿ ಉಡಿ ತುಂಬಾಕ ಹೋಗ್ರಿ. ಮಂದಿ ಚಪ್ಪಾಳಿ ಬಡದ ನಗತಾರ" ಎಂದ ಅಪ್ಪ.

ನಗಲಿ ಎಂದುಕೊಂಡೆ. ನಗುವವರು ನಮ್ಮ ಹೊಲ ಬಿತ್ತಿಕೊಡುವುದಿಲ್ಲವಲ್ಲ.

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಜಿಲ್ಲಾ ಕೇಂದ್ರ ಮುಟ್ಟಿದಾಗ ಬಿಸಿಲೇರಿತ್ತು. ಸಂಗ್ರಹಾಲಯದ ಮೆಟ್ಟಿಲ ಬಳಿಯೇ ಆಯಿ ಚಪ್ಪಲಿ ಬಿಟ್ಟಳು, ನನ್ನವನ್ನೂ ಬಿಡಿಸಿದಳು. ಒಳಗೆ ಸಾಲಾಗಿ ಶಾಸನದ ಕಲ್ಲು, ವೀರಗಲ್ಲು, ಕೈ ಮುರಿದ ದೇವರುಗಳು. ಸಾಲೋಟಗಿಯಲ್ಲಿ ಹಳೆಯ ಶಾಸನ ಇದೆಯೆಂದು ಸಾಲೆಯಲ್ಲಿ ಪಾಠ ಹೇಳುತ್ತಿದ್ದವಳು ನಾನು. ಇನ್ನೊಂದು ದಿನವಾಗಿದ್ದರೆ ಒಂದೊಂದು ಕಲ್ಲಿನ ಮುಂದೆ ಗಂಟೆ ನಿಲ್ಲುತ್ತಿದ್ದೆ. ಆಯಿ ಎಲ್ಲರಿಗೂ ಒಟ್ಟಿಗೇ ಒಂದು ಕೈಮುಗಿದು, "ಇವರಿಗೆಲ್ಲಾ ಆಮ್ಯಾಲ ಮಾತಾಡ್ಸೂಣು, ನಡಿ" ಎಂದಳು.

ಕೊನೆಯ ಕೋಣೆಯಲ್ಲಿ ಬೀಸುವ ಕಲ್ಲು, ಕೌದಿ, ಎತ್ತಿನ ಗೆಜ್ಜೆಸರಗಳ ನಡುವೆ ನಮ್ಮ ಕೂರಿಗೆ ನಿಂತಿತ್ತು. ಸುತ್ತ ಹಗ್ಗ. ಎಣ್ಣೆ ಹಚ್ಚಿ ಒರೆಸಿದ್ದರು, ನಮ್ಮ ಕೊಟ್ಟಿಗೆಯಲ್ಲಿ ಅದು ಅಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ. ಆಯಿ ಹಗ್ಗದ ಮೇಲಿಂದ ಬಾಗಿ ಬಟ್ಟಲಿನ ಅಂಚಿಗೆ ಕೈ ಹಚ್ಚಿದಳು. ಅವಳ ಕೈ ತಾಗಿ ತಾಗಿಯೇ ಸವೆದ ಅಂಚು ಅದು.

ಕಾವಲಿನವನು ಕೂಗಿದ, ಸಾಹೇಬರು ಬಂದರು. ಬೆಂಗಳೂರಿನ ಕಡೆಯವರು, ಸಣ್ಣ ವಯಸ್ಸು, ಮೃದು ಮಾತು. ನಾನು ಎಲ್ಲ ಹೇಳಿದೆ.

"ನಿಮ್ಮ ಭಾವನೆ ಅರ್ಥವಾಗುತ್ತಮ್ಮಾ. ಆದರೆ ಕಾಳು ಹಾಕಿದರೆ ಹುಳ ಬೀಳುತ್ತೆ. ಅರಿಶಿನ ಕುಂಕುಮ ಹಚ್ಚಿದರೆ ಮರ ಹಾಳಾಗುತ್ತೆ. ಎಲ್ಲರಿಗೂ ಬಿಟ್ಟರೆ ಇಲ್ಲಿ ಏನೂ ಉಳಿಯಲ್ಲ."

"ಎಲ್ಲಾರೂ ಬಂದಿಲ್ರಿ, ನಾವ ಬಂದೇವಿ. ತುಂಬದ ಹೋಗೂದಿಲ್ರಿ" ಎಂದೆ. ಸಾಲೆಯಲ್ಲಿ ಮಕ್ಕಳನ್ನು ಸುಮ್ಮನಿರಿಸುವ ದನಿಯೇ ಬಂದುಬಿಟ್ಟಿತ್ತು. ಸಾಹೇಬರ ಮುಖ ಬಿಗಿಯಿತು, ಕಾವಲಿನವನು ಒಂದು ಹೆಜ್ಜೆ ಮುಂದೆ ಬಂದ. ಕೆಲಸ ಕೆಡಿಸಿದೆ ಎಂದುಕೊಂಡೆ.

ಆಯಿ ನನ್ನ ತೋಳು ಹಿಡಿದು ಹಿಂದೆ ಸರಿಸಿದಳು.

"ಸಾಹೇಬ್ರ ಮಾತ ಖರೇ ಐತಿ. ಮಗಳನ್ನ ಕೊಟ್ಟ ಮನ್ಯಾಗ ಅವರ ರೀತಿನ ನಡೀಬೇಕು" ಎಂದು ಅವರ ಕಡೆ ತಿರುಗಿದಳು. "ಅರಿಷಿಣ ಬ್ಯಾಡ್ರಿ, ಕುಂಕುಮ ಬ್ಯಾಡ್ರಿ. ಒಂದ ಹಿಡಿ ಜ್ವಾಳ ಬಟ್ಟಲಕ್ಕ ಬಿಡ್ತೇನಿ. ಕೂರಿಗಿ ತನ್ನ ಹತ್ತರ ಏನೂ ಇಟಗೊಳ್ಳೂದಿಲ್ರಿ. ಮ್ಯಾಲ ಬಿಟ್ರ ಕೆಳಗ ಇಳೀತಾವ. ಒಂದ ಕಾಳ ಉಳೀದಂಗ ಆರಿಸಿಕೊಂಡ ಹೋಗ್ತೇನ್ರಿ. ಮಗಳು ಉಡ್ಯಾಗಿಂದು ತವರಿಗಿ ಹೊಳ್ಳಿ ಒಂದೀಟ ಹಾಕಿ ಹೋಗತಾಳಲ್ರಿ, ಹಂಗಂತ ತಿಳಕೋತೇನಿ."

ಸಾಹೇಬರು ಬಾಗಿ ಕೊಳವೆಗಳ ಬಾಯಿ ನೋಡಿದರು. ಆಮೇಲೆ ತಾವೇ ಹಗ್ಗ ಬಿಚ್ಚಿದರು.

"ಒಂದೇ ಸಲ" ಎಂದರು.

ನಾನು ಮೊಣಕಾಲೂರಿ ಕೊಳವೆಗಳ ಬಾಯಿಯ ಕೆಳಗೆ ಸೆರಗು ಹಾಸಿದೆ. ಆಯಿ ಮೊದಲು ಬಟ್ಟಲನ್ನು ಎರಡೂ ಕೈಯಿಂದ ಸವರಿದಳು. ಹಿಡಿ ಜೋಳವನ್ನು ಒಮ್ಮೆಲೇ ಸುರಿಯಲಿಲ್ಲ. ಹೊಲದಲ್ಲಿ ಬಿಡುವ ಹಾಗೆಯೇ ಬೆರಳ ಸಂದಿನಿಂದ ಸ್ವಲ್ಪಸ್ವಲ್ಪವಾಗಿ ಬಿಟ್ಟಳು, ಕಾಲು ಮಾತ್ರ ಇದ್ದಲ್ಲೇ ಇದ್ದವು. ಕೊಳವೆಯೊಳಗೆ ಕಾಳು ಇಳಿಯುವ ಸದ್ದು ಆ ಕೋಣೆಗೆಲ್ಲ ಕೇಳಿತು. ನನ್ನ ಸೆರಗಿನಲ್ಲಿ ಮೂರು ಸಣ್ಣ ಗುಡ್ಡೆಗಳಾದವು. ತನ್ನ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಒಂದು ಹನಿ ಕಣ್ಣೀರು ಹಾಕದ ಗಟ್ಟಿಗಿತ್ತಿ ಎಂದು ಊರಲ್ಲಿ ಹೆಸರಾಗಿದ್ದ ಆಯಿ ಅಲ್ಲಿ ಗಳಗಳನೆ ಅತ್ತಳು. ನಾನೂ ಅತ್ತೆ. ನನಗೆ ನಾಚಿಕೆ ಎನಿಸಲಿಲ್ಲ.

ಆಮೇಲೆ ಇಬ್ಬರೂ ನೆಲ ತಡವಿ ಸಿಡಿದ ಕಾಳನ್ನೆಲ್ಲ ಆರಿಸಿದೆವು. ಕಾವಲಿನವನೂ ಬೀಸುವ ಕಲ್ಲಿನ ಹಿಂದೆ ಹೋದ ಒಂದೆರಡನ್ನು ಹುಡುಕಿ ಕೊಟ್ಟ. ಆಯಿ ಎಲ್ಲವನ್ನೂ ತನ್ನ ಸೆರಗಿಗೆ ಗಂಟು ಹಾಕಿಕೊಂಡು, ಹೊರಡುವಾಗ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಊರು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಪ್ಪ ಅಂಗಳದಲ್ಲಿ ಎತ್ತುಗಳ ಹತ್ತಿರ ನಿಂತಿದ್ದ. ಅವನು ಏನಾದರೂ ಕೊಂಕು ಆಡಿದರೆ ಕೊಡಬೇಕಾದ ಉತ್ತರವನ್ನು ನಾನು ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದೆ. ಆಯಿ ಗಂಟು ಬಿಚ್ಚಿ ಜೋಳವನ್ನು ಅವನ ಅಂಗೈಗೆ ಸುರಿದಳು.

"ನಸುಕಿನ್ಯಾಗ ಹೂಡು. ಮೊದಲ ಇದನ್ನ ಬಿತ್ತೂಣು."

ಅಪ್ಪ ಕಾಳು ಹಿಡಿದುಕೊಂಡೇ ನಿಂತ. ಬೀಗರ ಊರಿಗೆ ಹೋಗಿ ಬಂದವರನ್ನು ಕೇಳುವ ಹಾಗೆ ತಲೆ ತಗ್ಗಿಸಿ ಕೇಳಿದ:

"ಚಂದಂಗ ನೋಡ್ಕೋತಾರೇನ ಯವ್ವಾ?"

"ನೆರಳಾಗ ಇಟ್ಟಾರ. ಎಣ್ಣಿ ಹಚ್ಚಿ ಒರಸ್ತಾರ. ಬಿಸಲಿಲ್ಲ, ಮಳಿ ಇಲ್ಲ, ಬೈಯವರಿಲ್ಲ" ಎಂದಳು ಆಯಿ. ಮತ್ತೆ ಹೊಸ್ತಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತ, "ಕೆಲಸಾ ಒಂದ ಇಲ್ಲ ನೋಡಪಾ" ಎಂದಳು.