ರಾಣಿ ಅಳುವ ಪದ

ಅಂಕಲಗಿಯ ಚಂಪವ್ವ ೧೯೩೨ರ ತನಕ ಒಂದು ನಾಟಕವನ್ನೂ ನೋಡಿದವಳಲ್ಲ. ಗೋಕಾಕದಲ್ಲಿ ನಾಟಕ ಕಂಪನಿಯವರು ಮಾರುತ್ತಿದ್ದ, ಸ್ವರ ಸಮೇತ ಅಚ್ಚಾದ ಪದಗಳ ಪುಸ್ತಕವೇ ಅವಳ ಗುರು. ನಸುಕಿನಲ್ಲಿ ಜೋಳ ಬೀಸುತ್ತ ಸ್ವರಗಳನ್ನು ಬಾಯಿಪಾಠ ಮಾಡುವಳು; ಮಧ್ಯಾಹ್ನ, ಗಂಡ ತಂದುಕೊಟ್ಟ ಹಳೆಯ ಹಾರ್ಮೋನಿಯಂ ಪೇಟಿಯ ಮೇಲೆ ಅವನ್ನು ಹುಡುಕುವಳು.

"ಮನಿತನದ ಹೆಣ್ಮಕ್ಕಳಿಗೆ ಪೇಟಿ ಯಾಕ ಬೇಕು?" ಎಂದು ಗೊಣಗುತ್ತಿದ್ದ ಅತ್ತೆ ರತ್ನವ್ವ ಒಂದು ದಿನ ತೀರ್ಮಾನಕ್ಕೇ ಕುಳಿತಳು. ಒಂದು ಪದ ಕೇಳುವುದು; ಮನಸ್ಸಿಗೆ ಬಾರದಿದ್ದರೆ ಪೇಟಿ ಸಂತೆಗೆ. ಆ ಪುಸ್ತಕದ ಪದಗಳಿದ್ದ ನಾಟಕವನ್ನು ಮೂರು ಸಲ ನೋಡಿದ್ದ ಮೈದುನ ಭರಮಪ್ಪನೂ ಬಂದು ಕುಳಿತ.

ಚಂಪವ್ವ ಜಿನದೇವರನ್ನು ನೆನೆದು ಶುರು ಮಾಡಿದಳು. ಪುಸ್ತಕದಲ್ಲಿ ಸ್ವರವಿತ್ತೇ ಹೊರತು ಎಷ್ಟು ವೇಗದಲ್ಲಿ ಹಾಡಬೇಕೆಂದು ಇರಲಿಲ್ಲ. ಬೀಸುಕಲ್ಲಿನ ಓಟದಲ್ಲಿ ಕಲಿತ ಪದ ಗರಗರನೆ ಹೊರಟಿತು. ರತ್ನವ್ವನ ತಲೆ ತೂಗಿತು, ಆಮೇಲೆ ಭುಜ, ಆಮೇಲೆ ಬಳೆಗಳೂ ಕುಣಿದವು.

ಭರಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ವೈನಿ, ಇದು ರಾಣಿ ಮಗನ್ನ ಕಳಕೊಂಡು ಅಳೂ ಪದ. ನಾಟಕದಾಗ ಇದನ್ನ ಕೇಳಿ ಮಂದಿ ಗಳಗಳ ಅಳತೈತಿ."

ಚಂಪವ್ವನ ಬೆರಳು ನಿಂತವು. ಪೇಟಿ ಹೋಯಿತೆಂದೇ ಎಣಿಸಿದಳು.

"ನೀ ಸುಮ್ಮ ಕುಂಡ್ರೋ," ಎಂದು ರತ್ನವ್ವ ಮಗನನ್ನು ಗದರಿಸಿದಳು. "ರಾಣಿ ಅಲ್ಲಿ ಅಳಲಿ. ಇಲ್ಲಿ ನನಗ ಹೊಸಾ ಹರೇ ಬಂದಂಗ ಆಗೇತಿ. ಚಂಪಾ, ಮತ್ತೊಮ್ಮಿ ಹಾಡವಾ, ಇನ್ನಷ್ಟು ಜೋರ್ ಓಡಸು."

ಮೂರನೆಯ ಸಲಕ್ಕೆ ಭರಮಪ್ಪ ಕೊಡ ಬೋರಲು ಹಾಕಿ ತಾಳ ಹಿಡಿದ. ಅಕ್ಷರ ಬಾರದ ರತ್ನವ್ವ ಪುಸ್ತಕದ ಮುಂದಿನ ಪುಟವನ್ನು ತಾನೇ ತಿರುವಿ ಸೊಸೆಯ ಮುಂದಿಟ್ಟಳು.