ಹಾಳೆಯ ತುದಿಯ ಹೆಸರು

ಅಮೃತಮ್ಮ ಬೆಳಗಿನಿಂದ ಕಂಟೋನ್ಮೆಂಟ್ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದಳು. ಯಾದಗಿರಿ ಕಡೆಯ ಅವಳ ಊರಿನಿಂದ ರೈತ ಹೆಂಗಸರು ಬರುವವರಿದ್ದರು. ಕಾಲುವೆ ದಂಡೆಯ ಹೊಲಗಳನ್ನು ಕಾರ್ಖಾನೆಗೆ ಕೊಡುವುದಿಲ್ಲವೆಂಬ ಅವರ ತಕರಾರಿಗೆ ಶಿವಾಜಿನಗರದ ಕಚೇರಿಯೊಂದರಲ್ಲಿ ಅಂದೇ ಕೊನೆಯ ವಿಚಾರಣೆ.

ಆ ಹೆಂಗಸರ ಸಂಘ ಕಟ್ಟಿದವಳು ಅವಳೇ. ಹೆಬ್ಬೆಟ್ಟು ಒತ್ತುತ್ತಿದ್ದವರಿಗೆಲ್ಲ, ಕಳೆ ತೆಗೆದು ಬಂದ ಮೇಲೆ, ಸ್ಲೇಟು ಹಿಡಿಸಿ ಹೆಸರು ಬರೆಯಲು ಕಲಿಸಿದ್ದಳು. ಸಭೆಗೆ ಬಂದವರು ಮೊದಲು ಸಹಿ ಹಾಕಬೇಕು, ಆಮೇಲೆ ಕೂರಬೇಕು. ಅದು ಅವಳದೇ ಕಟ್ಟಳೆ. ಸರ್ವೆಯವರು ಊರಿಗೆ ಬಂದು ಹಾಜರಿ ಎಂದು ಹಾಳೆ ಚಾಚಿದಾಗಲೂ ಎಲ್ಲರಿಗಿಂತ ಮುಂಚೆ ಅವಳೇ ಸಹಿ ಹಾಕಿದಳು. ಉಳಿದವರು ಅವಳ ಕೆಳಗೆ ಸಾಲಾಗಿ ಬರೆದರು. ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಆಮೇಲೆ 'ಭೂಮಿ ಕೊಡಲು ನಮ್ಮ ಒಪ್ಪಿಗೆ ಇದೆ' ಎಂಬ ಬರಹ ಬಂದು ಕೂತಿತು. ಊರಲ್ಲಿ ಯಾರೂ ಬೈಯಲಿಲ್ಲ. ಕಳೆ ತೆಗೆಯಲು ಕರೆಯುವುದನ್ನು ಬಿಟ್ಟರು, ಅಷ್ಟೇ. ಅವಳು ಕಗ್ಗದಾಸಪುರದಲ್ಲಿ ಮಗಳ ಬಾಡಿಗೆ ಕೋಣೆ ಸೇರಿ, ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸತೊಡಗಿದಳು.

ರೈಲಿಳಿದ ಗುಂಪಿನ ಮುಂದೆ ಸೌಂದರ್ಯಾ ಇದ್ದಳು, ಈಗಿನ ಮುಖಂಡೆ.

"ನೀ ಯಾಕ ಬಂದಿ?"

"ಹಾಳಿ ಖಾಲಿ ಇತ್ತಂತ ಸಾಹೇಬ್ರ ಮುಂದ ಹೇಳ್ತೀನವ್ವಾ."

"ಮೆಟ್ಟಲಾ ಒರಸೋದು ಕಲ್ತಾಳಲ್ಲ, ಇದನ್ನೂ ಒರಸಾಕ ಬಂದಾಳ," ಎಂದು ಹಿಂದಿನಿಂದ ಮುದುಕಿಯೊಬ್ಬಳು ಕುಟುಕಿದಳು. ಯಾರೂ ನಗಲಿಲ್ಲ.

ಕಚೇರಿಯ ಬಾಗಿಲಲ್ಲಿ ಗುಮಾಸ್ತ ಮುರಳಿ ಹಾಳೆ ಚಾಚಿದ. "ಅಟೆಂಡೆನ್ಸ್ ಹಾಕ್ರಮ್ಮಾ, ಇಲ್ಲಿಂದ ಕೆಳಗೆ." ಅವನು ಬೆರಳಿಟ್ಟ ಜಾಗದಿಂದ ಮೇಲಕ್ಕೆ ಅರ್ಧ ಹಾಳೆ ಖಾಲಿಯಿತ್ತು. ಹೆಂಗಸರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಸೈನ್ ಹಾಕ್ದೇ ಇದ್ರೆ ಬಂದೇ ಇಲ್ಲ ಅಂತ ಬರ್ಕೋತೀನಿ, ಕೇಸ್ ಹೋಗತ್ತೆ. ನಿಮ್ಮಿಷ್ಟ."

ಅಮೃತಮ್ಮ ಪೆನ್ನು ತೆಗೆದುಕೊಂಡಳು. ಹಾಳೆಯ ತುತ್ತತುದಿಯಲ್ಲಿ, ಮೇಲೆ ಒಂದು ಅಕ್ಷರಕ್ಕೂ ಜಾಗ ಬಿಡದೆ ಹೆಸರು ಬರೆದಳು.

"ಅಲ್ಲಲ್ಲಮ್ಮಾ, ಕೆಳಗೆ!"

"ಇಲ್ಲೇರಿ."

ಸೌಂದರ್ಯಾ ಅದಕ್ಕೆ ಅಂಟಿಸಿದಂತೆ ತನ್ನದನ್ನು ಬರೆದಳು. ಉಳಿದವರೂ ಬರೆದರು.

ಒಳಗೆ ಸಾಹೇಬರು ಸರ್ವೆಯವರ ಹಳೆಯ ಹಾಳೆಯನ್ನು ಅಮೃತಮ್ಮನ ಮುಂದೆ ಎತ್ತಿ ಹಿಡಿದರು. "ಇದು ನಿಮ್ಮ ಸಹೀನೇ ತಾನೆ?"

"ಹೌದ್ರಿ. ಆದ್ರ ಆಗ ಮ್ಯಾಲ ಏನೂ ಬರ್ದಿದ್ದಿಲ್ರಿ. ನಿಮ್ಮ ಕಾಲಿಗಿ ಬೀಳ್ತೀನ್ರಿ..."

"ಸಹಿ ನಿಮ್ದೇ ಅಂದ್ರಲ್ಲ, ಸಾಕು." ತಕರಾರು ವಜಾ ಎಂದು ಬರೆಸಿ, ಮುಂದಿನವರನ್ನು ಕರೆಯಲು ಹೇಳಿದರು.

ಹೊರಗೆ ಬಿಸಿಲಲ್ಲಿ ಹೆಂಗಸರು ಬುತ್ತಿಯ ಗಂಟು ಬಿಚ್ಚದೆಯೇ ನಿಂತಿದ್ದರು. ಸೌಂದರ್ಯಾ ಹತ್ತಿರ ಬಂದಳು.

"ಅವತ್ತೂ ತುದೀಗೇ ಬರೀಬೇಕಿತ್ತು, ಯವ್ವಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಮೃತಮ್ಮ ತಡೆದುಕೊಳ್ಳುತ್ತಿದ್ದಳು.