ಫ್ರೆಂಡ್‌ಶಿಪ್ ಚಾಟ್, ಮೂವತ್ತು ರೂಪಾಯಿ

ಮೊಬೈಲ್ ಬಿಲ್ಲು ಇನ್ನೂ ಅಂಚೆಯಲ್ಲಿ ಮನೆಗೆ ಬರುತ್ತಿದ್ದ ಕಾಲ. ನಾನು ಕಮಲಾಪುರದ ಶಾಲೆಯೊಂದರಲ್ಲಿ ಟೀಚರ್, ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ಎಂದು ನನ್ನ ಕೈಗೊಂದು ಫೋನು ಬಂದಿತ್ತು. ಬಿಲ್ಲು ಕಟ್ಟುವುದು ನನ್ನ ಸಂಬಳದಿಂದ, ಲಕೋಟೆ ಒಡೆಯುವುದು ಮಾತ್ರ ನನ್ನ ಗಂಡ. ಯಾಕೆ ಹಾಗೆ ಎಂದು ಆಗ ನಾನೂ ಕೇಳಿರಲಿಲ್ಲ.

ಒಂದು ತಿಂಗಳು ಬಿಲ್ಲಿನ ಕೊನೆಗೆ ಹೊಸ ಸಾಲೊಂದು ಬಂತು: ಫ್ರೆಂಡ್‌ಶಿಪ್ ಚಾಟ್, ಮೂವತ್ತು ರೂಪಾಯಿ. ಅವರು ಅದರ ಸುತ್ತ ಪೆನ್ಸಿಲಿನಿಂದ ಸೊನ್ನೆ ಸುತ್ತಿ, ನನ್ನ ಊಟದ ಡಬ್ಬಿಯ ಕೆಳಗೆ ಇಟ್ಟರು. ಇದೇನು ಎಂದು ಕೇಳಲಿಲ್ಲ. ನನಗೇನು ಗೊತ್ತು ಎಂದು ಒಂದೆರಡು ಸಲ ನಾನೇ ಹೇಳಿದೆ, ಅವರು "ಹೂಂ" ಅಂದರು. ಅಂದಿನಿಂದ ಬೇರೆ ಪ್ರಶ್ನೆಗಳು ಶುರುವಾದವು.

"ಇವತ್ತ ಯಾವ ಬಸ್ಸಿಗೆ ಬಂದಿ? ಮಹಾಗಾಂವದಾಗ ಎಷ್ಟೊತ್ತು ನಿಂತಿತ್ತು? ಬಾಜೂಕ ಯಾರು ಕುಂತಿದ್ರು?"

ದಿನಕ್ಕೆ ಎರಡು ಬಸ್ಸು, ಕಿವಿ ಹರಿಯುವಂತೆ ಕಿರುಚುವ ಒಂದು ಕ್ಲಾಸು, ಮೇಲೆ ಈ ವಿಚಾರಣೆ. ನನಗೆ ಸಾಕುಸಾಕಾಗಿ ಹೋಯಿತು.

ಎರಡನೇ ತಿಂಗಳೂ ಅದೇ ಸಾಲು. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಒತ್ತಿ, ನಾಲ್ಕು ಒತ್ತಿ ಎಂದು ಸತಾಯಿಸಿ, ಹಾಡು ಕೇಳಿಸಿ, ಕಟ್ ಮಾಡುತ್ತಿದ್ದರು. ಮೂರನೇ ತಿಂಗಳು ಅರ್ಧ ದಿನ ರಜೆ ಹಾಕಿ ಕಂಪನಿಯ ಆಫೀಸಿಗೇ ಹೋದೆ. ಕೌಂಟರಿನ ಹುಡುಗಿ ತಲೆ ಎತ್ತದೆ ಹೇಳಿದಳು:

"ಇದು ನಮ್ಮದಲ್ರೀ ಮೇಡಂ, ಹೊರಗಿನ ಕಂಪನಿದು. ನಾವು ಬಿಲ್ಲಿನ್ಯಾಗ ಸೇರಸ್ತೀವಿ, ಅಷ್ಟ. ನಿಮ್ಮ ಫೋನಿನಿಂದನ ಓಕೆ ಒತ್ಯಾರ."

"ಯಾರು ಒತ್ಯಾರ?"

"ಅದು ನಮಗ ಹೆಂಗ ಗೊತ್ತಾಗ್ತದ್ರೀ?"

ಕೊನೆಗೆ ಒತ್ತಿದ ತಾರೀಖು ಹೇಳಿದಳು. ಸಮಯ ಬೆಳಗಿನ ಆರು ನಲವತ್ತು. ಸೇವೆ ನಿಲ್ಲಿಸಿದಳು, ಹೋದ ಹಣ ವಾಪಸ್ ಬರುವುದಿಲ್ಲ ಎಂದಳು. ಆ ತೊಂಬತ್ತು ರೂಪಾಯಿ ಯಾರಿಗೆ ಬೇಕಿತ್ತು! ನನ್ನ ಮೇಲೆ ಬಿದ್ದ ಅನುಮಾನ ಹೋದರೆ ಸಾಕಿತ್ತು.

ಮನೆಗೆ ಬಂದು ಪಂಚಾಂಗ ತೆಗೆದೆ. ಆ ತಾರೀಖು ದ್ವಾದಶಿ. ಏಕಾದಶಿಯ ಉಪವಾಸ ಮುಗಿಸಿದ ಅತ್ತೆ ನಸುಕಿನಲ್ಲೇ ಮಡಿ ಉಟ್ಟು ಅಡುಗೆಗೆ ನಿಲ್ಲುವ ದಿನ. ಅಡುಗೆ ಮುಗಿಯುವ ತನಕ ಅವರು ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ. ನಾನು ಹಿತ್ತಲಲ್ಲಿ ನಳದ ನೀರು ಹಿಡಿಯುತ್ತಿರುತ್ತೇನೆ. ಫೋನು ಚಾರ್ಜಿಗೆ ಇರುವುದು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ.

ಮುಂದಿನ ದ್ವಾದಶಿಗೆ ನೀರು ಹಿಡಿಯುವುದನ್ನು ಬಿಟ್ಟು ಅಡುಗೆಮನೆಯ ಬಾಗಿಲ ಹೊರಗೆ ನಿಂತೆ. ಬೆಳಗಾದರೆ ಸಾಕು, ಅದು ಸೇರಿ ಇದು ಸೇರಿ ಎನ್ನುವ ಮೆಸೇಜುಗಳು ಬರುತ್ತಿದ್ದವು. ಅಂದೂ ಫೋನು ಗುರ್ ಅಂತು. ಅತ್ತೆ ಸೌಟು ಕೆಳಗಿಟ್ಟು ಮೂಲೆಯಿಂದ ಮಡಿಕೋಲು ತಂದರು. ಮಡಿ ಸೀರೆಯನ್ನು ಕೈ ತಾಗಿಸದೆ ಎತ್ತರದ ಗಳಕ್ಕೆ ಹಾಕುವ ಕೋಲು ಅದು. ದೂರದಿಂದಲೇ ಗುರಿಯಿಟ್ಟು ಫೋನಿನ ನಡುವಿನ ದೊಡ್ಡ ಗುಂಡಿ ಒತ್ತಿದರು.

"ಅತ್ತೀ!" ಎಂದು ಕೂಗಿದೆ. ಕೂಗಿಗೆ ಗಂಡನೂ ಓಡಿ ಬಂದರು.

"ಯಾಕ, ಏನಾತು? ಒದರ್ಲಿಕತ್ತಿತ್ತು. ಮಡ್ಯಾಗ ಹೆಂಗ ಮುಟ್ಲಿ? ಹಿಂಗ ಒತ್ತಿದ್ರ ಸುಮ್ಮನಾಗ್ತದ, ಹಿಂದೊಮ್ಮೆನೂ ಹಿಂಗ ಮಾಡಿದ್ದೆ," ಎಂದರು ಅತ್ತೆ, ಏನೂ ತಿಳಿಯದೆ.

ಫೋನು ಎತ್ತಿಕೊಂಡೆ. ಕ್ರಿಕೆಟ್ ಸ್ಕೋರಿನ ಸೇವೆಗೆ ಸೇರಿದ್ದಕ್ಕೆ ಧನ್ಯವಾದ ಎಂದಿತ್ತು. ಗಂಡನಿಗೆ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನಗ ಗೊತ್ತಿತ್ತ ಬಿಡು, ನೀ ಅಂಥಾಕಿ ಅಲ್ಲ ಅಂತ."

"ಗೊತ್ತಿತ್ತಂದ್ರ ಮೂರು ತಿಂಗಳು ಬಾಜೂಕ ಯಾರು ಕುಂತಿದ್ರು ಅಂತ ಯಾಕ ಕೇಳಿದ್ರಿ?"

ನಗು ನಿಂತಿತು. ಅತ್ತೆ ಮಗನನ್ನೂ ನನ್ನನ್ನೂ ನೋಡಿ ಒಲೆಯ ಕಡೆ ತಿರುಗಿದರು. ನಾನು ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೊರಟೆ.

ಸಂಜೆ ಮನೆಗೆ ಬಂದಾಗ ಗಂಡ ಪೇಪರು ಓದುತ್ತಿದ್ದರು. ನಾನು ಚಪ್ಪಲಿ ಬಿಡುತ್ತಾ, ಯಾರೂ ಕೇಳದಿದ್ದರೂ, ಹೇಳಿಬಿಟ್ಟೆ:

"ಐದೂವರೆ ಬಸ್ಸಿಗೆ ಬಂದೀನ್ರಿ. ಬಾಜೂಕ ಒಬ್ಬಾಕಿ ಮುದುಕಿ ಕುಂತಿದ್ಳು."